ಎಲ್ಲರ ಟಾರ್ಗೆಟ್ ಮುಟ್ಟಿತು, ಪಂಪು ಮಾತ್ರ ಊರು ಮುಟ್ಟಲಿಲ್ಲ

ಪೀಣ್ಯದಲ್ಲಿ ಎಪ್ಪತ್ತು ಜನ ಕೆಲಸ ಮಾಡುವ ಒಂದು ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ಬೋರ್‌ವೆಲ್‌ಗೆ ಇಳಿಸುವ ಸಬ್‌ಮರ್ಸಿಬಲ್ ಪಂಪು ಅಲ್ಲಿ ತಯಾರಾಗುತ್ತದೆ. ಏಪ್ರಿಲ್ ಮೊದಲ ವಾರ, ಹಿಂದಿನ ಮೂರು ತಿಂಗಳ ಲೆಕ್ಕ ಒಪ್ಪಿಸುವ ಮೀಟಿಂಗ್. ಸೇಲ್ಸ್‌ನವರು ಟಾರ್ಗೆಟ್‌ಗಿಂತ ಶೇ. 8ರಷ್ಟು ಹೆಚ್ಚು ಆರ್ಡರ್ ತಂದಿದ್ದಾರೆ. ಪ್ರೊಡಕ್ಷನ್‌ನವರು ತಿಂಗಳಿಗೆ 1,100 ಪಂಪು ಎಂದಿದ್ದವರು 1,160 ಮಾಡಿದ್ದಾರೆ. ಪರ್ಚೇಸ್‌ನವರು ಥ್ರಸ್ಟ್ ಬೇರಿಂಗ್ ಮತ್ತು ವೈಂಡಿಂಗ್ ವೈರಿನ ದರದಲ್ಲಿ ಶೇ. 4 ಉಳಿಸಿದ್ದಾರೆ. ಪರದೆಯ ಮೇಲೆ ಎಲ್ಲ ಸಾಲೂ ಹಸಿರು. ಅದೇ ಹೊತ್ತಿಗೆ ಚಿತ್ರದುರ್ಗದ ಡೀಲರ್ ಫೋನು: ಏಳೂವರೆ ಎಚ್‌ಪಿ ಪಂಪು ಎರಡು ವಾರ ತಡ, ರೈತ ಅಂಗಡಿ ಮುಂದೆ ಕೂತಿದ್ದಾನೆ, ಬೇರೆ ಕಂಪನಿಯದು ಕೊಟ್ಟು ಕಳಿಸಲೇ?

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಮೈಗಳ್ಳರಲ್ಲ. ಪಂಪಿನ ಸಂಖ್ಯೆ ಎಣಿಸಿದರೆ ಪ್ರೊಡಕ್ಷನ್‌ನವರು ಸಹಜವಾಗಿ ಐದು ಎಚ್‌ಪಿ ಮಾಡೆಲ್ಲನ್ನೇ ಎತ್ತಿಕೊಳ್ಳುತ್ತಾರೆ. ಸೆಟ್ಟಿಂಗ್ ಬದಲಿಸದೆ ಒಂದೇ ಸಮ ಓಡಿಸಿದರೆ ದಿನದ ಲೆಕ್ಕ ಏರುತ್ತದೆ. ಏಳೂವರೆ ಎಚ್‌ಪಿಯ ನಾಲ್ಕೇ ಪಂಪಿಗಾಗಿ ಲೈನ್ ನಿಲ್ಲಿಸಿದರೆ ಅರ್ಧ ಶಿಫ್ಟ್ ಹೋಗುತ್ತದೆ. ದರ ಇಳಿಸಿ ಎಂದರೆ ಪರ್ಚೇಸ್‌ನವರು 12 ದಿನದಲ್ಲಿ ಕೊಡುತ್ತಿದ್ದ ಸಪ್ಲೈಯರ್‌ನನ್ನು ಬಿಟ್ಟು 35 ದಿನ ತೆಗೆದುಕೊಳ್ಳುವ ಅಗ್ಗದವನ ಹತ್ತಿರ ಹೋಗುತ್ತಾರೆ. ಆರ್ಡರ್ ತನ್ನಿ ಎಂದರೆ ಸೇಲ್ಸ್‌ನವರು ‘ಹತ್ತೇ ದಿನ ಸಾರ್’ ಎಂದು ಮಾತು ಕೊಟ್ಟು ಬರುತ್ತಾರೆ. ಕೇಳಿದ್ದನ್ನು ಎಲ್ಲರೂ ಕೊಟ್ಟಿದ್ದಾರೆ. ಕೇಳಿದ್ದೇ ಎಡವಟ್ಟು.

ಅಳೆಯಬಹುದಾದ ಗುರಿ ಇಟ್ಟುಕೊಂಡರೆ ತಂಡಗಳು ತಾವಾಗಿಯೇ ಒಂದು ದಾರಿಗೆ ಬರುತ್ತವೆ ಎಂದು ತುಂಬ ಕಡೆ ನಂಬಿಕೆ ಇದೆ. ಈ ಕಾರ್ಖಾನೆಯಲ್ಲಿ ಅಳತೆಗೆ ಕೊರತೆ ಇರಲಿಲ್ಲ. ಒಬ್ಬರ ಅಂಕಿ ಇನ್ನೊಬ್ಬರ ಅಂಕಿಯನ್ನು ಎಲ್ಲಿ ಕೆಡಿಸುತ್ತದೆ ಎಂದು ಯಾರೂ ಮೊದಲೇ ಕೂತು ನೋಡಿರಲಿಲ್ಲ, ಅಷ್ಟೆ.

ಎಲ್ಲಿಂದ ಬಂತು ಈ ಪದ್ಧತಿ

1954ರಲ್ಲಿ ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ ‘ಮ್ಯಾನೇಜ್‌ಮೆಂಟ್ ಬೈ ಆಬ್ಜೆಕ್ಟಿವ್ಸ್’ ಎಂಬ ವಿಚಾರ ಮುಂದಿಟ್ಟರು. ಮ್ಯಾನೇಜರ್‌ಗಳಿಗೆ ಹುಕುಂ ಕೊಡುವ ಬದಲು ಗುರಿ ಕೊಡಿ ಎಂಬುದು ಅದರ ತಿರುಳು. 1970ರ ದಶಕದಲ್ಲಿ ಅಮೆರಿಕದ ಚಿಪ್ ಕಂಪನಿ ಇಂಟೆಲ್‌ನ ಆಂಡಿ ಗ್ರೋವ್ ಅದನ್ನು ತಿದ್ದಿ ಎರಡೇ ಪ್ರಶ್ನೆಗೆ ಇಳಿಸಿದರು: ಎಲ್ಲಿಗೆ ಹೋಗಬೇಕು? ಅತ್ತ ಹೋಗುತ್ತಿದ್ದೇವೆ ಎಂದು ಯಾವುದರಿಂದ ಗೊತ್ತಾಗುತ್ತದೆ? ಮೊದಲನೆಯದಕ್ಕೆ ಆಬ್ಜೆಕ್ಟಿವ್ ಎಂದೂ ಎರಡನೆಯದಕ್ಕೆ ಕೀ ರಿಸಲ್ಟ್ ಎಂದೂ ಹೆಸರು. ಎರಡೂ ಸೇರಿ ಓಕೆಆರ್. ಇಂಟೆಲ್‌ನಲ್ಲಿ ಇದನ್ನು ಕಲಿತ ಜಾನ್ ಡೋರ್ 1999ರಲ್ಲಿ ಆಗಿನ್ನೂ ಎಳೆಯ ಕಂಪನಿಯಾಗಿದ್ದ ಗೂಗಲ್‌ಗೆ ಒಯ್ದರು. ಅಲ್ಲಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಇಂಟೆಲ್‌ನ ಒಂದು ಪ್ರಸಂಗ ಈ ಪದ್ಧತಿಯ ಜಾಣತನವನ್ನು ಚೆನ್ನಾಗಿ ತೋರಿಸುತ್ತದೆ. 1980ರಲ್ಲಿ ಮೊಟೊರೊಲಾದ 68000 ಚಿಪ್ ಇಂಟೆಲ್‌ನ 8086ಕ್ಕೆ ದೊಡ್ಡ ಸವಾಲಾಗಿತ್ತು. ‘ಆಪರೇಷನ್ ಕ್ರಶ್’ ಎಂದು ಹೆಸರಿಟ್ಟುಕೊಂಡು ಇಂಟೆಲ್ ಹೊರಟಿತು. ಗುರಿ: ಒಂದು ವರ್ಷದಲ್ಲಿ 2,000 ‘ಡಿಸೈನ್ ವಿನ್’. ಅಂದರೆ 2,000 ಸಲ ಯಾವುದೋ ಗ್ರಾಹಕ ಕಂಪನಿ ತಾನು ಮಾಡಲಿರುವ ಯಂತ್ರಕ್ಕೆ ಇಂಟೆಲ್ ಚಿಪ್ಪನ್ನು ಆರಿಸಿಕೊಳ್ಳಬೇಕು. ಮಾರಾಟದ ಡಾಲರನ್ನು ಏಕೆ ಎಣಿಸಲಿಲ್ಲ? ಚಿಪ್ ಆರಿಸಿಕೊಂಡವರು ಯಂತ್ರ ತಯಾರಿಸಿ ಮಾರಿ, ಇಂಟೆಲ್‌ಗೆ ದೊಡ್ಡ ಆರ್ಡರ್ ಕೊಡುವ ಹೊತ್ತಿಗೆ ಬಹಳ ಕಾಲ ಕಳೆದಿರುತ್ತದೆ. ಡಾಲರ್ ಬರಲಿ ಎಂದು ಕಾದರೆ, ಸೋತದ್ದು ಗೊತ್ತಾಗುವಾಗ ಮಾಡಲು ಏನೂ ಉಳಿದಿರುವುದಿಲ್ಲ. ಡಿಸೈನ್ ವಿನ್ ಎಂಬುದು ಫಲ ಬಿಡುವ ಮುಂಚಿನ ಹೂವಿನ ಲೆಕ್ಕ. ವರ್ಷ ಮುಗಿಯುವಾಗ 2,000 ದಾಟಿತ್ತು. 1981ರಲ್ಲಿ ಬಂದ ಐಬಿಎಂ ಪಿಸಿಯೊಳಗೆ ಇದ್ದದ್ದು ಅದೇ ಕುಟುಂಬದ 8088.

ಗುರಿ ಬರೆಯುವುದು

ನಮ್ಮ ಪಂಪು ಕಾರ್ಖಾನೆಗೆ ಬರೋಣ. ಗುರಿಯ ವಾಕ್ಯದಲ್ಲಿ ಅಂಕಿ ಬೇಡ. ಲೈನ್‌ನಲ್ಲಿ ನಿಂತವರಿಗೂ ಅರ್ಥವಾಗುವ ಕನ್ನಡದಲ್ಲಿ ಇದ್ದರೆ ಸಾಕು: ‘ಡೀಲರ್‌ಗೆ ಕೊಟ್ಟ ಮಾತು ತಪ್ಪಬಾರದು.’ ಅದರ ಕೆಳಗೆ ಮೂರು ಫಲಿತಾಂಶ:

ಮೊದಲು ಒಪ್ಪಿದ ದಿನಕ್ಕೆ ಪೂರ್ತಿಯಾಗಿ ಹೊರಟ ಆರ್ಡರ್ ಶೇ. 61ರಿಂದ ಶೇ. 80ಕ್ಕೆ ಏರಬೇಕು.
ನಾವು ಒಪ್ಪಿಕೊಳ್ಳುವ ಸರಾಸರಿ ಅವಧಿ 14 ದಿನ ಮೀರಬಾರದು.
ಸ್ಟೋರ್ಸ್‌ನಲ್ಲಿರುವ ಸರಕಿನ ಬೆಲೆ ಈಗಿನ 1.8 ಕೋಟಿ ರೂಪಾಯಿಯಿಂದ 1.9 ಕೋಟಿಗಿಂತ ಮೇಲೆ ಹೋಗಬಾರದು.

ಎರಡನೆಯದೂ ಮೂರನೆಯದೂ ಏಕೆ ಬೇಕು ಎಂಬುದು ಮುಂದೆ ಬರುತ್ತದೆ. ಅದಕ್ಕೂ ಮೊದಲು, ಇಲ್ಲಿ ಏನು ಇಲ್ಲ ಎಂದು ಗಮನಿಸಿ. ‘ಹೊಸ ಇಆರ್‌ಪಿ (ಆರ್ಡರ್, ಸ್ಟಾಕ್, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನೋಡುವ) ಸಾಫ್ಟ್‌ವೇರ್ ಹಾಕಿಸುವುದು’ ಇಲ್ಲ, ‘ಪ್ಲಾನಿಂಗ್‌ಗೆ ಇಬ್ಬರನ್ನು ತೆಗೆದುಕೊಳ್ಳುವುದು’ ಇಲ್ಲ. ಓಕೆಆರ್ ಎಂದು ಬರೆದಿಟ್ಟ ಹಾಳೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ: ಮಾಡಬೇಕಾದ ಕೆಲಸಗಳ ಪಟ್ಟಿಗೆ ಫಲಿತಾಂಶ ಎಂದು ತಲೆಬರಹ ಕೊಡುವುದು. ಪರೀಕ್ಷೆ ಸುಲಭ. ಸಾಫ್ಟ್‌ವೇರ್ ಬಂದಮೇಲೂ ಪಂಪು ತಡವಾಗಿಯೇ ಹೋಗಲು ಸಾಧ್ಯವೇ? ಸಾಧ್ಯ ಎಂದಾದರೆ ಅದು ಕೆಲಸ. ಅದಕ್ಕೆ ಬೇರೆ ಪಟ್ಟಿ ಇರಲಿ, ಅರ್ಧ ದಾರಿಯಲ್ಲಿ ಬೇಕಾದರೆ ಬಿಟ್ಟುಬಿಡುವ ಸ್ವಾತಂತ್ರ್ಯವೂ ಇರಲಿ.

ಎಷ್ಟು ಗುರಿ? ಕಂಪನಿಗೆ ಒಂದು, ಹೆಚ್ಚೆಂದರೆ ಎರಡು. ತಂಡಕ್ಕೆ ಎರಡೋ ಮೂರೋ ಫಲಿತಾಂಶ. ‘ಇದನ್ನೂ ಸೇರಿಸೋಣ’ ಎಂದು ಯಾರಾದರೂ ಹೇಳುತ್ತಲೇ ಇರುತ್ತಾರೆ, ಸಾಮಾನ್ಯವಾಗಿ ಯಜಮಾನರೇ. ಸಂಬಳ ಹೊತ್ತಿಗೆ ಆಗುವುದು, ಬಾಯ್ಲರ್ ತಪಾಸಣೆ, ಜಿಎಸ್‌ಟಿ ಸಲ್ಲಿಕೆ ಇವೆಲ್ಲ ದಿನನಿತ್ಯ ನೋಡಿಕೊಳ್ಳಬೇಕಾದವು. ಅವುಗಳ ಅಂಕಿಗೆ ಕೆಪಿಐ (ಕೀ ಪರ್ಫಾರ್ಮೆನ್ಸ್ ಇಂಡಿಕೇಟರ್) ಎನ್ನುತ್ತಾರೆ. ಬಾವಿಯ ನೀರಿನ ಮಟ್ಟವನ್ನು ದಿನಾ ನೋಡುವುದು ಒಂದು; ಈ ವರ್ಷ ಹೂಳೆತ್ತಿ ಮಟ್ಟ ಎರಡಡಿ ಏರಿಸುತ್ತೇವೆ ಎಂದು ಹಾರೆ ಹಿಡಿಯುವುದು ಇನ್ನೊಂದು. ಎರಡನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ಮೂವತ್ತು ಸಾಲಾಗುತ್ತದೆ, ಯಾರೂ ಓದುವುದಿಲ್ಲ.

ಯಾವ ದಿನ, ಯಾರ ದಿನ?

ನಿಜವಾದ ಜಗಳ ಶುರುವಾಗುವುದು ಅಂಕಿಯ ಅರ್ಥ ಬರೆಯಲು ಕೂತಾಗ. ‘ಹೊತ್ತಿಗೆ ಸರಿಯಾಗಿ’ ಎಂದರೆ ಏನು? ಒಂದು ಆರ್ಡರ್‌ಗೆ ಕನಿಷ್ಠ ಮೂರು ದಿನಾಂಕ ಇರುತ್ತವೆ. ಡೀಲರ್ ಕೇಳಿದ ದಿನ, ನಾವು ಮೊದಲು ಒಪ್ಪಿದ ದಿನ, ಆಮೇಲೆ ಆಗುವುದಿಲ್ಲ ಎಂದು ಗೊತ್ತಾಗಿ ಮುಂದೂಡಿದ ದಿನ. ಬಹಳಷ್ಟು ಕಡೆ ಸಾಫ್ಟ್‌ವೇರಿನಲ್ಲಾಗಲಿ ಎಕ್ಸೆಲ್ ಶೀಟಿನಲ್ಲಾಗಲಿ ದಿನಾಂಕಕ್ಕೆ ಒಂದೇ ಕಾಲಂ. ಹೊಸ ದಿನಾಂಕ ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ. ಹಾಗಾಗಿ ಶೇ. 95 ಆರ್ಡರ್ ಹೊತ್ತಿಗೆ ಹೋಗಿವೆ ಎಂದು ರಿಪೋರ್ಟ್ ಹೇಳುತ್ತದೆ. ಮುಂದೂಡಿದ ದಿನಕ್ಕೆ ಹೋಗಿವೆ, ಅಷ್ಟೆ. ಮೊದಲು ಮಾಡಬೇಕಾದ ಕೆಲಸ ಮೊದಲು ಒಪ್ಪಿದ ದಿನಕ್ಕೆ ಇನ್ನೊಂದು ಕಾಲಂ ಮಾಡಿ ಅದಕ್ಕೆ ಬೀಗ ಹಾಕುವುದು.

‘ಪೂರ್ತಿ’ ಎಂದರೆ? ಹತ್ತು ಪಂಪಿನ ಆರ್ಡರ್‌ನಲ್ಲಿ ಒಂಬತ್ತು ಹೋಗಿ ಒಂದು ಉಳಿದರೆ ಶೇ. 90 ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಉಳಿದ ಆ ಒಂದೇ ಪಂಪಿಗೆ ಕಾಯುತ್ತಿರುವ ರೈತನಿಗೆ ಶೇ. 90 ಏನೂ ಅಲ್ಲ. ಪೂರ್ತಿ ಹೋಗದ ಆರ್ಡರ್ ತಪ್ಪಿದ ಆರ್ಡರ್. ಸಪ್ಲೈ ವ್ಯವಹಾರದವರು ಇದನ್ನೇ ‘ಓಟಿಫ್’ ಎನ್ನುತ್ತಾರೆ: ಆನ್ ಟೈಮ್, ಇನ್ ಫುಲ್. ‘ಹೋದ ದಿನ’ ಎಂದರೆ ಬಿಲ್ ಮಾಡಿದ ದಿನವೋ, ಲಾರಿ ಗೇಟ್ ದಾಟಿದ ದಿನವೋ? ಬಿಲ್ ಮಾಡಿ ಪಂಪನ್ನು ಡಿಸ್ಪ್ಯಾಚ್ ಮೂಲೆಯಲ್ಲಿ ಮೂರು ದಿನ ಇಡುವುದು ತಿಂಗಳ ಕೊನೆಯ ಹಳೆಯ ಆಟ. ಹಾಗಾಗಿ ಗೇಟ್ ರಿಜಿಸ್ಟರಿನ ದಿನಾಂಕವೇ ಪ್ರಮಾಣ. ಡೀಲರೇ ‘ಒಂದು ವಾರ ಬಿಟ್ಟು ಕಳಿಸಿ’ ಎಂದರೆ? ಅವರ ವಾಟ್ಸಾಪ್ ಮೆಸೇಜ್ ಇದ್ದರೆ ಮಾತ್ರ ದಿನಾಂಕ ಬದಲಿಸಬಹುದು. ಅಂಥವು ಎಷ್ಟಾದವು ಎಂದು ಬೇರೆ ಎಣಿಸಬೇಕು. ಆ ಸಂಖ್ಯೆ ಇದ್ದಕ್ಕಿದ್ದಂತೆ ಏರಿದರೆ ಡೀಲರ್‌ಗಳ ಮನಸ್ಸು ಬದಲಾಗಿಲ್ಲ, ನಮ್ಮವರು ಫೋನ್ ಮಾಡಿ ಮೆಸೇಜ್ ಹಾಕಿಸಿಕೊಳ್ಳುತ್ತಿದ್ದಾರೆ ಎಂದು ಅರ್ಥ.

ಇಷ್ಟನ್ನೂ ಅರ್ಧ ಪುಟದಲ್ಲಿ ಬರೆಯಬೇಕು: ಏನನ್ನು ಯಾವುದರಿಂದ ಭಾಗಿಸುತ್ತೇವೆ, ಯಾವ ರಿಜಿಸ್ಟರಿನಿಂದ, ಯಾರು ಎಣಿಸುತ್ತಾರೆ, ವಾರದ ಯಾವ ದಿನ. ಎಣಿಸುವವರು ಆ ಅಂಕಿಯಿಂದ ಹೆಸರೋ ಪೆಟ್ಟೋ ಪಡೆಯುವವರಾಗಿರಬಾರದು. ಅಕೌಂಟ್ಸ್‌ನ ಒಬ್ಬರು ಸಾಕು, ವಾರಕ್ಕೆ ಅರ್ಧ ಗಂಟೆ ಕೆಲಸ.

ಆರಂಭದ ಅಂಕಿಯಲ್ಲೂ ಒಂದು ಗುಂಡಿ ಇದೆ. ಜನವರಿಯಿಂದ ಮಾರ್ಚ್ ಬೋರ್‌ವೆಲ್ ಪಂಪಿಗೆ ಭಾರೀ ಬೇಡಿಕೆಯ ಕಾಲ. ಆಗ ಶೇ. 61 ಇದ್ದದ್ದು ಜೂನ್‌ನಲ್ಲಿ ಮಳೆ ಹಿಡಿದು ಆರ್ಡರ್ ಇಳಿದಾಗ ತಾನಾಗಿಯೇ ಒಂದಿಷ್ಟು ಮೇಲೇರುತ್ತದೆ. ಮಳೆ ಮಾಡಿದ ಕೆಲಸಕ್ಕೆ ಪ್ಲಾನಿಂಗ್‌ನವರಿಗೆ ಶಾಲು ಹೊದಿಸಿದಂತಾಗುತ್ತದೆ. ಹೋದ ವರ್ಷದ ಏಪ್ರಿಲ್–ಜೂನ್ ಅಂಕಿಯನ್ನೂ ಪಕ್ಕದಲ್ಲಿ ಬರೆದಿಡಬೇಕು. ಅದು 64 ಆಗಿತ್ತು ಎಂದಿಟ್ಟುಕೊಂಡರೆ ಮೊದಲ ಮೂರು ಅಂಶ ಮಳೆಯ ಪಾಲು. ಪ್ರತಿಯೊಬ್ಬರನ್ನೂ ಅವರವರ ಆರಂಭದಿಂದ ಅಳೆಯುವ ಪದ್ಧತಿಗೆ ಸರ್ಕಾರಿ ಉದಾಹರಣೆಯೂ ಇದೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮದಲ್ಲಿ ರಾಯಚೂರು, ಯಾದಗಿರಿ ಸೇರಿ 112 ಜಿಲ್ಲೆಗಳಿವೆ. ಆರೋಗ್ಯ, ಶಿಕ್ಷಣ, ಕೃಷಿ ಮುಂತಾದ ಐದು ವಲಯಗಳಲ್ಲಿ 49 ಸೂಚಕ. ಅಲ್ಲಿ ‘ಡೆಲ್ಟಾ’ ರ‍್ಯಾಂಕಿಂಗ್ ಎಂದು ಮಾಡಿರುವುದು ಜಿಲ್ಲೆ ಎಷ್ಟು ಮುಂದಿದೆ ಎಂಬುದರ ಮೇಲಲ್ಲ, ತಾನಿದ್ದ ಜಾಗದಿಂದ ಎಷ್ಟು ಸರಿದಿದೆ ಎಂಬುದರ ಮೇಲೆ. ಹಿಂದುಳಿದ ಜಿಲ್ಲೆಯೂ ಆ ತಿಂಗಳ ಪಟ್ಟಿಯಲ್ಲಿ ಮೇಲೆ ಬರಬಹುದು.

80 ಎಂಬುದು ಎಲ್ಲಿಂದ ಬಂತು

ಗುಂಡು ಸಂಖ್ಯೆ ಚೆಂದ ಕಾಣುತ್ತದೆ ಎಂದು 80 ಹಾಕಿದರೆ ಯಾರೂ ನಂಬುವುದಿಲ್ಲ. ತಪ್ಪಿದ ಆರ್ಡರ್‌ಗಳನ್ನು ಹರಡಿಕೊಂಡು ಕೂರಬೇಕು. ಮೂರು ತಿಂಗಳಲ್ಲಿ 840 ಆರ್ಡರ್, ಅದರಲ್ಲಿ 512 ಹೊತ್ತಿಗೆ ಪೂರ್ತಿ ಹೋಗಿವೆ, 328 ತಪ್ಪಿವೆ. ಒಂದೊಂದಕ್ಕೂ ಒಂದೇ ಒಂದು ಮೂಲ ಕಾರಣ ಬರೆಯುತ್ತ ಹೋದಾಗ ಹೀಗೆ ಬಂತೆನ್ನಿ: ಬಿಡಿಭಾಗ ಇರಲಿಲ್ಲ 141, ಭಾಗ ಇತ್ತು, ಆದರೆ ಲೈನ್‌ನಲ್ಲಿ ಬೇರೆ ಮಾಡೆಲ್ ಓಡುತ್ತಿತ್ತು 78, ಟೆಸ್ಟಿಂಗ್ ತೊಟ್ಟಿಯಲ್ಲಿ ಫೇಲ್ ಆಗಿ ವಾಪಸ್ ಬಿಚ್ಚಬೇಕಾಯಿತು 52, ಯಾರನ್ನೂ ಕೇಳದೆ ದಿನಾಂಕ ಒಪ್ಪಿದ್ದು 41, ಲಾರಿ ಸಿಗಲಿಲ್ಲ 16.

ಶೇ. 80 ಆಗಬೇಕಾದರೆ 840ರಲ್ಲಿ 672 ಸರಿಯಾಗಿ ಹೋಗಬೇಕು. ಅಂದರೆ 160 ತಪ್ಪು ಕಡಿಮೆಯಾಗಬೇಕು. ಎಲ್ಲಿಂದ? ಬಿಡಿಭಾಗದ ಕೊರತೆಯಲ್ಲಿ 70, ಲೈನ್ ಸರದಿಯಲ್ಲಿ 50, ಟೆಸ್ಟಿಂಗ್‌ನಲ್ಲಿ 25, ಕೇಳದೆ ಕೊಟ್ಟ ಮಾತಿನಲ್ಲಿ 15. ಕೂಡಿದರೆ 160. ಲಾರಿಯ 16ನ್ನು ಈ ಸಲ ಮುಟ್ಟುವುದೇ ಬೇಡ. ಈಗ 80ಕ್ಕೆ ಕಾಲುಗಳು ಬಂದವು. ಪ್ರತಿ ಕಾಲಿಗೂ ಒಬ್ಬ ಯಜಮಾನ ಇದ್ದಾನೆ. ‘ಶೇ. 100 ಏಕಾಗಬಾರದು’ ಎಂದು ಮೀಟಿಂಗ್‌ನಲ್ಲಿ ಯಾರಾದರೂ ಮೇಜು ಕುಟ್ಟಿದರೆ ಇದೇ ಪಟ್ಟಿಯನ್ನು ಅವರ ಮುಂದಿಟ್ಟು ಯಾವ ಸಾಲಿನಿಂದ ಎಷ್ಟು ಕಳೆಯೋಣ ಹೇಳಿ ಎನ್ನಬಹುದು.

ಕಾರಣ ಬರೆಯುವಾಗ ಒಂದು ಎಚ್ಚರ. ಜಾಬ್ ಕಾರ್ಡಿನಲ್ಲಿ ‘ಕಾಯಿಲ್ ಸುಟ್ಟಿದೆ’, ‘ಮೆಟೀರಿಯಲ್ ಇಲ್ಲ’ ಎಂದು ಬರೆದಿರುತ್ತಾರೆ. ಅವು ಕಾರಣವಲ್ಲ, ಕಂಡದ್ದು. ಯಾವ ಮೆಟೀರಿಯಲ್, ಅದು ಬೇಕೆಂಬ ಬೇಡಿಕೆ ಚೀಟಿ (ಇಂಡೆಂಟ್) ಎಷ್ಟು ದಿನ ಮುಂಚೆ ಹೋಗಿತ್ತು ಎಂದು ಒಂದು ಹೆಜ್ಜೆ ಒಳಗೆ ಹೋದರೆ ಆ 141ರಲ್ಲಿ ಬಹುಪಾಲು ಮೂರೋ ನಾಲ್ಕೋ ಐಟಂಗಳ ಸುತ್ತಲೇ ಗಿರಕಿ ಹೊಡೆಯುತ್ತಿರುವುದು ಕಾಣುತ್ತದೆ. ನಮ್ಮ ಕತೆಯಲ್ಲಿ ಆ ಅಗ್ಗದ ಥ್ರಸ್ಟ್ ಬೇರಿಂಗ್ ಪಟ್ಟಿಯ ತಲೆಯಲ್ಲೇ ಇರುತ್ತದೆ.

80ನ್ನು ಎಲ್ಲರಿಗೂ ಹಂಚಿದರೆ 41 ಬರುತ್ತದೆ

ಗುರಿ ಗೊತ್ತಾದ ಮೇಲೆ ಸಾಮಾನ್ಯವಾಗಿ ಆಗುವುದು ಇದು: ಮೇಲಿನವರು ‘ಶೇ. 80’ ಎಂದು ಈಮೇಲ್ ಕಳಿಸುತ್ತಾರೆ, ಪ್ರತಿ ವಿಭಾಗವೂ ತನ್ನ ಹಾಳೆಯಲ್ಲಿ ಶೇ. 80 ಎಂದು ಬರೆದುಕೊಳ್ಳುತ್ತದೆ. ಲೆಕ್ಕ ಮಾಡಿ ನೋಡಿ. ಒಂದು ಆರ್ಡರ್ ಹೊತ್ತಿಗೆ ಹೋಗಲು ಸೇಲ್ಸ್, ಪರ್ಚೇಸ್, ಪ್ರೊಡಕ್ಷನ್, ಟೆಸ್ಟಿಂಗ್ ನಾಲ್ಕೂ ಸರಿಯಾಗಿರಬೇಕು. ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲ ಎಂದುಕೊಂಡರೆ, ನಾಲ್ವರೂ ಶೇ. 80 ಸಾಧಿಸಿದಾಗ ಒಟ್ಟು ಸಿಗುವುದು 0.8 × 0.8 × 0.8 × 0.8, ಅಂದರೆ ಶೇ. 41. ಒಟ್ಟು 80 ಬೇಕಾದರೆ ಒಬ್ಬೊಬ್ಬರೂ ಶೇ. 95ರ ಹತ್ತಿರ ಇರಬೇಕು. ನಾಲ್ಕೂ ಜನ ‘ನಮ್ಮದು ತೊಂಬತ್ತೈದು ಸಾರ್’ ಎಂದು ಎದೆ ತಟ್ಟಿಕೊಂಡರೂ ಐದರಲ್ಲಿ ಒಂದು ಆರ್ಡರ್ ತಪ್ಪುತ್ತಿರುತ್ತದೆ ಎಂಬುದು ಇದೇ ಗುಣಾಕಾರದ ಇನ್ನೊಂದು ಮುಖ.

ಹಂಚುವ ಬದಲು ಮಾಡಬೇಕಾದ್ದು ಅಡ್ಡ ಮಾತುಕತೆ. ನಾಲ್ಕೂ ವಿಭಾಗದವರು ಒಂದು ಮಧ್ಯಾಹ್ನ ಕೂರಬೇಕು, ಪ್ರತಿಯೊಬ್ಬರೂ ಉಳಿದ ಮೂವರಿಗೆ ಒಂದೊಂದು ವಾಕ್ಯ ಬರೆದು ಕೊಡಬೇಕು: ‘ನನ್ನ ಅಂಕಿ ಮುಟ್ಟಲು ನಿಮ್ಮಿಂದ ಇದು ಬೇಕು.’ ಪ್ರೊಡಕ್ಷನ್ ಸೇಲ್ಸ್‌ಗೆ: ಮುಂದಿನ ವಾರದ ಮಾಡೆಲ್‌ಪಟ್ಟಿ ಗುರುವಾರ ಸಂಜೆಯೊಳಗೆ ಅಂತಿಮ, ಆಮೇಲೆ ಏಳು ದಿನ ಬದಲಾವಣೆ ಇಲ್ಲ. ಸೇಲ್ಸ್ ಪ್ರೊಡಕ್ಷನ್‌ಗೆ: ದಿನಾಂಕ ಕೇಳಿದರೆ ಎರಡು ಗಂಟೆಯೊಳಗೆ ಉತ್ತರ, ಇಲ್ಲವಾದರೆ ನಾನು ಹತ್ತು ದಿನ ಎಂದೇ ಹೇಳುತ್ತೇನೆ. ಪ್ರೊಡಕ್ಷನ್ ಪರ್ಚೇಸ್‌ಗೆ: ಈ ಮೂರು ಐಟಂಗೆ ಹಳೆಯ ಸಪ್ಲೈಯರ್‌ನಿಂದ ಹದಿನೈದು ದಿನದ ಸ್ಟಾಕ್. ಇಲ್ಲಿ ಪರ್ಚೇಸ್‌ನವರು ನ್ಯಾಯವಾಗಿಯೇ ಕೇಳುತ್ತಾರೆ: ಹಾಗಾದರೆ ಆ ಶೇ. 4 ಉಳಿತಾಯದ ಟಾರ್ಗೆಟ್? ಇದಕ್ಕೆ ಉತ್ತರ ಕೊಡಬೇಕಾದವರು ಯಜಮಾನರು, ಅದೂ ಅದೇ ಕೋಣೆಯಲ್ಲಿ. ಆ ಮೂರು ಐಟಂಗೆ ದರದ ಟಾರ್ಗೆಟ್ ಕೈಬಿಟ್ಟಿದ್ದೇವೆ ಎಂದು ಅವರು ಹೇಳದಿದ್ದರೆ ಉಳಿದ ಎಲ್ಲ ಕಾಗದವೂ ವ್ಯರ್ಥ. ತಂಡಗಳನ್ನು ಒಗ್ಗೂಡಿಸುವುದು ಎಂದರೆ ಬಹುಪಾಲು ಇಷ್ಟೇ: ಒಬ್ಬರ ತಲೆಯ ಮೇಲಿದ್ದ ಹಳೆಯ ಅಂಕಿಯೊಂದನ್ನು ಎಲ್ಲರೆದುರು ಇಳಿಸುವುದು.

ವಾರದ ಇಪ್ಪತ್ತು ನಿಮಿಷ

ಮೂರು ತಿಂಗಳೆಂದರೆ 13 ವಾರ. ವಾರಕ್ಕೊಮ್ಮೆ, ಬೋರ್ಡಿನ ಮುಂದೆ ನಿಂತುಕೊಂಡೇ, ಇಪ್ಪತ್ತು ನಿಮಿಷ. ಪ್ರತಿ ಫಲಿತಾಂಶಕ್ಕೆ ಮೂರು ಮಾತು: ಅಂಕಿ ಎಷ್ಟು, ಮುಟ್ಟುವ ನಂಬಿಕೆ ಹತ್ತಕ್ಕೆ ಎಷ್ಟು, ಅಡ್ಡ ಬಂದದ್ದೇನು. ನಂಬಿಕೆಯ ಅಂಕಿ ಬಾಲಿಶ ಎನಿಸಬಹುದು. ಆದರೆ ಓಟಿಫ್ 70 ಇರುವಾಗಲೇ ಪರ್ಚೇಸ್‌ನವರ ನಂಬಿಕೆ 7ರಿಂದ 4ಕ್ಕೆ ಇಳಿದರೆ ಅದು ಮೂರು ವಾರ ಮುಂಚಿನ ಮುನ್ಸೂಚನೆ. ಸಪ್ಲೈಯರ್ ಫೋನ್ ಎತ್ತುತ್ತಿಲ್ಲ ಎಂಬ ಸಂಗತಿ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ.

ಓಟಿಫ್ ಕೊನೆಗೆ ಬರುವ ಅಂಕಿ. ಅದನ್ನು ಮಾತ್ರ ನೋಡುತ್ತಿದ್ದರೆ ಮಾಡುವುದಕ್ಕೇನೂ ಇರುವುದಿಲ್ಲ. ಇಂಟೆಲ್‌ನವರ ಡಿಸೈನ್ ವಿನ್‌ನಂತೆ ಇಲ್ಲೂ ಒಂದು ಹೂವಿನ ಲೆಕ್ಕ ಬೇಕು: ‘ಮುಂದಿನ ಎರಡು ವಾರದಲ್ಲಿ ಹೋಗಬೇಕಾದ ಆರ್ಡರ್‌ಗಳಲ್ಲಿ ಎಲ್ಲ ಭಾಗವೂ ಸ್ಟೋರ್ಸ್‌ನಲ್ಲಿ ಇರುವವು ಎಷ್ಟು?’ ಶುಕ್ರವಾರ ಬೆಳಿಗ್ಗೆ ಸ್ಟೋರ್ಸ್‌ನವರು ಬೋರ್ಡಿನಲ್ಲಿ ಬರೆಯುವುದು ಈ ಅಂಕಿಯನ್ನು, ಪಕ್ಕದಲ್ಲಿ ಇಲ್ಲದ ಐಟಂಗಳ ಹೆಸರು. ಆ ಪಟ್ಟಿ ನೋಡಿದರೆ ಅಂದೇ ಮಾಡಲು ಕೆಲಸ ಸಿಗುತ್ತದೆ.

ವಾರದ ಅಂಕಿ ಕುಣಿಯುತ್ತದೆ, ಅದಕ್ಕೆ ಮರುಳಾಗಬಾರದು. ವಾರಕ್ಕೆ ಸುಮಾರು 65 ಆರ್ಡರ್. ಏನೂ ಬದಲಾಗದಿದ್ದರೂ, ಬರೀ ಆಕಸ್ಮಿಕದಿಂದಲೇ, 61ರ ಆಚೀಚೆ 6 ಅಂಶ ಏರಿಳಿಯುವುದು ಮಾಮೂಲು. 12ರವರೆಗೂ ಆಗೀಗ ಹೋಗುತ್ತದೆ. ಈ ವಾರ 66 ಬಂತೆಂದು ಸಿಹಿ ಹಂಚುವುದು, ಮುಂದಿನ ವಾರ 57 ಬಂತೆಂದು ಸೂಪರ್‌ವೈಸರ್‌ನನ್ನು ತರಾಟೆಗೆ ತೆಗೆದುಕೊಳ್ಳುವುದು ಎರಡೂ ಒಂದೇ ತಪ್ಪು. ಬೈಸಿಕೊಂಡವನು ಕಲಿಯುವ ಪಾಠ ಒಂದೇ: ಅಂಕಿಯನ್ನು ನೇರ್ಪುಗೊಳಿಸಿ ತರುವುದು. ನಾಲ್ಕು ವಾರಗಳನ್ನು ಕೂಡಿಸಿ ಸರಾಸರಿ ನೋಡಿದರೆ ಕುಣಿತ ಅರ್ಧಕ್ಕೆ ಇಳಿಯುತ್ತದೆ.

ಅಂಕಿಯನ್ನು ಗೆಲ್ಲಿಸುವ ಅಡ್ಡದಾರಿಗಳು

ಯಾವ ಗುರಿ ಬರೆದರೂ, ಅದನ್ನು ಪ್ರಕಟಿಸುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ಒಳ್ಳೆಯ ಕೆಲಸ ಮಾಡದೆಯೇ ಈ ಅಂಕಿ ಮುಟ್ಟುವುದು ಹೇಗೆ? ನಮ್ಮ ಓಟಿಫ್‌ಗೆ ಎರಡು ಸಲೀಸು ದಾರಿಗಳಿವೆ. ಸೇಲ್ಸ್‌ನವರು ಎಲ್ಲರಿಗೂ ‘ನಲವತ್ತೈದು ದಿನ’ ಎಂದುಬಿಟ್ಟರೆ ಒಂದೂ ತಪ್ಪುವುದಿಲ್ಲ, ಡೀಲರ್‌ಗಳು ಮಾತ್ರ ಬೇರೆ ಕಂಪನಿ ಹುಡುಕಿಕೊಳ್ಳುತ್ತಾರೆ. ಸ್ಟೋರ್ಸ್‌ನವರು ಎಲ್ಲವನ್ನೂ ಮೂರು ತಿಂಗಳಿಗಾಗುವಷ್ಟು ತಂದು ಗುಡ್ಡೆ ಹಾಕಿದರೆ ಕೊರತೆ ಇರುವುದಿಲ್ಲ, ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಮಿತಿ ಮುಗಿದಿರುತ್ತದೆ. 14 ದಿನದ ಮತ್ತು 1.9 ಕೋಟಿಯ ಸಾಲುಗಳು ಇದ್ದದ್ದು ಈ ಎರಡು ಬಾಗಿಲು ಮುಚ್ಚಲಿಕ್ಕೆ. ಪ್ರತಿ ಅಳತೆಗೂ ಅದರ ಎದುರಾಳಿ ಅಳತೆ ಜೊತೆಯಲ್ಲಿರಬೇಕು. ಸರ್ವಿಸ್ ತಂಡಕ್ಕೆ ‘48 ಗಂಟೆಯೊಳಗೆ ದೂರು ಮುಗಿಸಬೇಕು’ ಎಂದರೆ, ‘90 ದಿನದೊಳಗೆ ಅದೇ ಪಂಪು ಮತ್ತೆ ಬಂದದ್ದೆಷ್ಟು’ ಎಂಬುದೂ ಇರಬೇಕು. ಇಲ್ಲವಾದರೆ ಸುಟ್ಟ ಕಾಯಿಲ್ ಬದಲಿಸಿ, ಅದು ಸುಡಲು ಕಾರಣವಾದ ಕಡಿಮೆ ವೋಲ್ಟೇಜನ್ನೋ ನೀರಿಲ್ಲದೆ ಓಡಿದ್ದನ್ನೋ ನೋಡದೆ ದೂರು ಮುಗಿಸುತ್ತಾರೆ.

ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತಿಗೆ ಗುಡ್‌ಹಾರ್ಟ್ ನಿಯಮ ಎನ್ನುತ್ತಾರೆ. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹೇಳಿದ್ದು ಬ್ರಿಟನ್ನಿನ ಹಣಕಾಸು ನೀತಿಯ ಬಗ್ಗೆ. ಅದು ಕಾರ್ಖಾನೆಗೂ ಕಚೇರಿಗೂ ಹೊಂದಿಕೊಂಡಿತು. ಇದರ ದುಬಾರಿ ಉದಾಹರಣೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್. ಒಬ್ಬ ಗ್ರಾಹಕನಿಗೆ ಎಂಟು ಉತ್ಪನ್ನ ಮಾರಬೇಕೆಂಬುದು ಅಲ್ಲಿನ ಗುರಿ. ಶಾಖೆಯ ನೌಕರರು ಗ್ರಾಹಕರಿಗೆ ಗೊತ್ತಿಲ್ಲದೆ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆ ತೆರೆದರು. 2016ರ ಸೆಪ್ಟೆಂಬರ್‌ನಲ್ಲಿ ವಿಷಯ ಬಯಲಾಗಿ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. 2020ರಲ್ಲಿ ಇನ್ನೂ 300 ಕೋಟಿ ಡಾಲರ್ ಕಟ್ಟಲು ಬ್ಯಾಂಕ್ ಒಪ್ಪಿತು. ಆ ಎಂಟು ಖಾತೆಗಳನ್ನು ಗ್ರಾಹಕ ಬಳಸುತ್ತಿದ್ದಾನೆಯೇ ಎಂಬ ಎದುರಾಳಿ ಅಂಕಿಗೂ ಅಷ್ಟೇ ತೂಕ ಕೊಟ್ಟಿದ್ದರೆ, ಕೆಲಸ ಹೋಗುವ ಭಯವನ್ನು ಆ ಎಂಟಕ್ಕೆ ಕಟ್ಟದೇ ಇದ್ದಿದ್ದರೆ, ಇಷ್ಟು ದೂರ ಹೋಗುವುದು ಕಷ್ಟವಿತ್ತು.

ಹಣಕ್ಕೆ ಕಟ್ಟುವ ವಿಚಾರದಲ್ಲಿ ಒಂದು ಮಾತು ಖಂಡಿತವಾಗಿ ಹೇಳಬಹುದು: ಬೋನಸ್ಸನ್ನು ನೇರವಾಗಿ ಈ ಸ್ಕೋರಿಗೆ ಕಟ್ಟಬೇಡಿ. ಕಟ್ಟಿದ ಮರುದಿನದಿಂದ ಜನ ಮುಟ್ಟಬಲ್ಲ ಗುರಿಯನ್ನೇ ಬರೆಯುತ್ತಾರೆ. 80 ಎನ್ನಬಲ್ಲವರು 66 ಎನ್ನುತ್ತಾರೆ, 70 ಮಾಡಿ ಮೀಸೆ ತಿರುವುತ್ತಾರೆ.

ಸ್ಕೋರ್ ಹಾಕುವುದು

ಜೂನ್ ಕೊನೆಗೆ ಓಟಿಫ್ 75 ಬಂತೆನ್ನಿ. 80ಕ್ಕೆ 75, ಹಾಗಾಗಿ ಶೇ. 94 ಸಾಧನೆ ಎಂದು ಬರೆಯುವುದು ತೀರಾ ಸಾಮಾನ್ಯ ತಪ್ಪು. ಈ ಲೆಕ್ಕದಲ್ಲಿ ಏನೂ ಮಾಡದೆ 61ರಲ್ಲೇ ಕೂತಿದ್ದವರಿಗೂ 76 ಅಂಕ ಸಿಗುತ್ತದೆ. ನಡೆದ ದೂರವನ್ನು ನಡೆಯಬೇಕಾಗಿದ್ದ ದೂರದಿಂದ ಭಾಗಿಸಬೇಕು: 14 ಭಾಗಿಸು 19, ಅಂದರೆ 0.74. ಮಳೆಯ ಪಾಲು ಬಿಟ್ಟು 64ರಿಂದ ಎಣಿಸಿದರೆ 11 ಭಾಗಿಸು 16, ಸುಮಾರು 0.69. ಗೂಗಲ್‌ನಲ್ಲಿ ಸೊನ್ನೆಯಿಂದ ಒಂದರವರೆಗಿನ ಈ ಅಳತೆಯಲ್ಲಿ, ಎಟುಕದಷ್ಟು ಎತ್ತರಕ್ಕೆ ಇಟ್ಟ ಗುರಿಗೆ 0.7 ಬಂದರೆ ಚೆನ್ನಾಗಿಯೇ ಆಯಿತು ಎನ್ನುತ್ತಾರೆ. ಸದಾ 1.0 ಬರುತ್ತಿದ್ದರೆ ಗುರಿ ತಗ್ಗಿನಲ್ಲಿದೆ ಎಂದರ್ಥ. ಆದರೆ ಮಾಡಿಯೇ ತೀರಬೇಕೆಂದು ಮಾತು ಕೊಟ್ಟ ಗುರಿಗಳಿಗೆ ಈ ರಿಯಾಯಿತಿ ಇಲ್ಲ, ಅವು 1.0 ಆಗಲೇಬೇಕು. ಯಾವುದು ಯಾವ ಜಾತಿಯದು ಎಂದು ಮೊದಲ ದಿನವೇ ಬರೆದಿಡದಿದ್ದರೆ ಕೊನೆಯ ದಿನ ಎಲ್ಲವೂ ‘ಎತ್ತರದ ಗುರಿ’ ಆಗಿಬಿಡುತ್ತವೆ.

ಗೂಗಲ್‌ನ ಕ್ರೋಮ್ ಬ್ರೌಸರ್ ಈ ಎತ್ತರದ ಗುರಿಗೆ ಒಳ್ಳೆಯ ದೃಷ್ಟಾಂತ. ಸುಂದರ್ ಪಿಚೈ ಆಗ ಅದರ ಹೊಣೆ ಹೊತ್ತಿದ್ದರು. 2008ರಲ್ಲಿ ಬಂದ ಕ್ರೋಮ್‌ಗೆ ಆ ವರ್ಷಾಂತ್ಯಕ್ಕೆ 2 ಕೋಟಿ ಸಕ್ರಿಯ ಬಳಕೆದಾರರ ಗುರಿ ಇತ್ತು, ಮುಟ್ಟಲಿಲ್ಲ. 2009ಕ್ಕೆ ಗುರಿ ಇಳಿಸುವ ಬದಲು 5 ಕೋಟಿ ಎಂದರು. ಬಂದದ್ದು 3.8 ಕೋಟಿ. ಮುಟ್ಟದ ಆ ಅಂಕಿಯೇ ತಂಡವನ್ನು ಬೇರೆ ದಾರಿ ಹುಡುಕುವಂತೆ ಮಾಡಿತು: ಜನ ತಾವಾಗಿ ಡೌನ್‌ಲೋಡ್ ಮಾಡಲಿ ಎಂದು ಕಾಯುವ ಬದಲು ಕಂಪ್ಯೂಟರ್ ತಯಾರಕರ ಜೊತೆ ಒಪ್ಪಂದ ಮಾಡಿಕೊಂಡು ಯಂತ್ರದಲ್ಲೇ ಹಾಕಿಸಿದರು, ಜಾಹೀರಾತಿಗೂ ಇಳಿದರು. 2010ರಲ್ಲಿ ಗುರಿ 11.1 ಕೋಟಿ, ಆ ಸಲ ದಾಟಿತು.

ನಮ್ಮ ಕಾರ್ಖಾನೆಯ 13ನೇ ವಾರದ ಮೀಟಿಂಗ್‌ಗೆ ಸ್ಕೋರಿಗಿಂತ ಮೊದಲು ಬೇಕಾದ್ದು ಮತ್ತೆ ಅದೇ ಕಾರಣಗಳ ಪಟ್ಟಿ. ಬಿಡಿಭಾಗದ ಕೊರತೆ ನಿಜವಾಗಿ ಇಳಿದಿದ್ದರೆ ಶುಕ್ರವಾರದ ಸ್ಟೋರ್ಸ್ ಬೋರ್ಡ್ ಇನ್ನು ಗುರಿಯ ಹಾಳೆಯಲ್ಲಿ ಇರಬೇಕಿಲ್ಲ, ದಿನನಿತ್ಯದ ಅಂಕಿಗಳ ಸಾಲಿಗೆ ಹೋಗಲಿ. ಆದರೆ ನಿಲ್ಲಬಾರದು, ನಿಂತ ಎರಡನೇ ತಿಂಗಳಿಗೆ ಬೇರಿಂಗ್ ಮತ್ತೆ ಖಾಲಿಯಾಗುತ್ತದೆ. ಟೆಸ್ಟಿಂಗ್‌ನ 52 ಇನ್ನೂ 48ರಲ್ಲೇ ಇದ್ದರೆ ಅದು ಟೆಸ್ಟಿಂಗ್ ವಿಭಾಗದ ಸೋಮಾರಿತನವಾಗಿರುವ ಸಂಭವ ಕಡಿಮೆ. ವೈಂಡಿಂಗ್ ಮೇಜಿನಲ್ಲಿ ಹುಟ್ಟಿದ ದೋಷವನ್ನು ಅವರು ಹಿಡಿಯುತ್ತಿದ್ದಾರೆ, ಅಷ್ಟೆ. ಹಾಗಿದ್ದರೆ ಜುಲೈನಿಂದ ಆ ಸಾಲಿನ ಯಜಮಾನ ವೈಂಡಿಂಗ್ ಸೂಪರ್‌ವೈಸರ್. ಅವರನ್ನು ಮೀಟಿಂಗ್‌ಗೆ ಕರೆಯುವ ಮುಂಚೆ ಕಳೆದ ಮೂರು ತಿಂಗಳಲ್ಲಿ ಮೆಗ್ಗರ್ ಟೆಸ್ಟಿನಲ್ಲಿ (ವೈಂಡಿಂಗ್‌ನ ಇನ್ಸುಲೇಷನ್ ಪರೀಕ್ಷೆ) ಫೇಲ್ ಆದ ಮೋಟಾರುಗಳ ರಿಜಿಸ್ಟರನ್ನು ಶಿಫ್ಟ್‌ವಾರು ತೆಗೆದಿಟ್ಟುಕೊಳ್ಳಿ.